ಹಗಲಿನಲ್ಲಿ ಕಾಣದ ಬೆಂಕಿ

ಕಳೆದ ವಾರ ಜ್ವರ ಬಂದು ನಂಜನಗೂಡಿನ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ನನ್ನ ತೋಳು ಒರೆಸಿದಳು. ಒರೆಸಿದ ರೀತಿ ಸರಿಯಾಗಿಯೇ ಇತ್ತು. ಮೂವತ್ತನಾಲ್ಕು ವರ್ಷ ಅದೇ ಕೆಲಸ ಮಾಡಿ ನಿವೃತ್ತಳಾದವಳು ನಾನು, ಇಂಥದ್ದನ್ನು ನೋಡದೆ ಇರಲಾರೆ. ಆದರೆ ಆ ವಾಸನೆ ಮೂಗಿಗೆ ತಾಕಿದ್ದೇ ತೋಳನ್ನು ಹಿಂದಕ್ಕೆ ಎಳೆದುಕೊಂಡುಬಿಟ್ಟೆ.

"ಭಯ ಆಗುತ್ತಾ ಅಜ್ಜಿ?" ಎಂದಳು.

"ಇಲ್ಲಮ್ಮ, ಸುಸ್ತು," ಎಂದೆ. ಅದೇನೂ ಸುಳ್ಳಲ್ಲ.

ಒಂದು ಕಾಲಕ್ಕೆ ಸ್ಪಿರಿಟ್ ವಾಸನೆ ಎಂದರೆ ನನಗೆ ಬೆಳಗು. ಐದಕ್ಕೆ ಎದ್ದು, ಆರೂವರೆಗೆ ಸೀರೆಯ ಸೆರಗಿಗೆ ಪಿನ್ ಹಾಕಿ, ಏಳಕ್ಕೆ ಹತ್ತು ನಿಮಿಷವಿರುವಾಗಲೇ ವಾರ್ಡಿನ ಬಾಗಿಲಲ್ಲಿ ನಿಂತರೆ ಮೊದಲು ಎದುರಾಗುತ್ತಿದ್ದುದು ಅದೇ. ಈಗ ಆ ವಾಸನೆ ನನ್ನನ್ನು ಬೇರೆ ಕಡೆಗೆ ಕರೆದೊಯ್ಯುತ್ತದೆ. ಕೊರೊನಾ ಗಲಾಟೆ ಅಡಗಿದ ಮೇಲಿನ ಆ ಬೇಸಿಗೆಗೆ, ಟಿ. ನರಸೀಪುರದ ಹೊಳೆದಂಡೆಯ ಮಟಮಟ ಮಧ್ಯಾಹ್ನಕ್ಕೆ, ನನ್ನ ತಂಗಿ ಜಯಮ್ಮನ ಜೋಳದ ಗಾಡಿಯ ಮುಂದೆ ತಂದು ನಿಲ್ಲಿಸುತ್ತದೆ.

ಜಯಮ್ಮ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅವಳ ಗಂಡ ಸಿದ್ದರಾಜು ಲಗೇಜ್ ಆಟೋ ಓಡಿಸುತ್ತಾನೆ. ಹೊಳೆಗೆ ಇಳಿಯುವ ರಸ್ತೆಯ ಬದಿಯಲ್ಲಿ ಅವಳದೊಂದು ನಾಲ್ಕು ಗಾಲಿಯ ಗಾಡಿ. ಗಾಡಿಯ ಮೇಲೆ ಕಬ್ಬಿಣದ ಬಾಣಲಿ, ಅದರ ತುಂಬ ಇದ್ದಿಲು, ಮೇಲೊಂದು ಜಾಲರಿ. ಸಂಗಮಕ್ಕೆ ಬಂದು ಮಿಂದು ಹೋಗುವವರಿಗೆ, ಸೋಮನಾಥಪುರದ ದೇವಸ್ಥಾನ ನೋಡಿಕೊಂಡು ಬರುವವರಿಗೆ ಮುಸುಕಿನ ಜೋಳ ಸುಟ್ಟು, ನಿಂಬೆಹಣ್ಣು ಉಪ್ಪು ಖಾರ ಸವರಿ ಕೊಡುವುದು ಅವಳ ಕೆಲಸ. ಪಕ್ಕದಲ್ಲಿ ಎಳನೀರು ಮಾರುವ ಮಾದಪ್ಪಣ್ಣ. ಇಬ್ಬರಿಗೂ ಒಂದೇ ಹುಣಸೆಮರದ ನೆರಳು, ಅದೂ ಹನ್ನೊಂದು ಗಂಟೆಯವರೆಗೆ ಮಾತ್ರ.

ಜೋಳ ಸುಡುವುದು ಕಷ್ಟವಲ್ಲ, ಇದ್ದಿಲು ಹೊತ್ತಿಸುವುದೇ ಕಷ್ಟ. ಸೌದೆಯ ಹಾಗೆ ಅದು ಒಂದು ಕಡ್ಡಿಗೆ ಬಗ್ಗುವುದಿಲ್ಲ. ರೇಷನ್ನಿನಲ್ಲಿ ಸೀಮೆಎಣ್ಣೆ ಸಿಗುತ್ತಿದ್ದಷ್ಟು ದಿನ ಒಂದು ಲೋಟ ಸುರಿದು ಹೊತ್ತಿಸುತ್ತಿದ್ದಳು. ಅದು ನಿಂತ ಮೇಲೆ ಹಳೆಯ ಟೈರಿನ ಚೂರು, ಪ್ಲಾಸ್ಟಿಕ್ ಕವರು, ಕೈಗೆ ಸಿಕ್ಕಿದ್ದೆಲ್ಲ ಹಾಕಿದಳು. "ಏನಮ್ಮ, ಜೋಳ ತಿಂತಿದೀನೋ ಗಾಡಿ ಚಕ್ರ ತಿಂತಿದೀನೋ?" ಎಂದು ಗಿರಾಕಿಗಳು ಮುಖ ಸಿಂಡರಿಸಿದರು. ಆಮೇಲೆ ಸಿದ್ದರಾಜು ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತಂದುಕೊಡತೊಡಗಿದ. ಒಂದು ಭಾನುವಾರ ನಾನು ಹೋದಾಗ ಆ ಬಾಟಲಿ ಗಾಡಿಯ ಮೊಳೆಗೆ, ಉಪ್ಪು ಖಾರದ ಡಬ್ಬದ ಪಕ್ಕದಲ್ಲೇ ನೇತಾಡುತ್ತಿತ್ತು.

ಸುಟ್ಟಗಾಯದ ವಾರ್ಡಿನಲ್ಲಿ ಆರು ವರ್ಷ ಇದ್ದವಳು ನಾನು. ಆ ಬಾಟಲಿಯನ್ನು ಮೊಳೆಯಿಂದ ತೆಗೆದು ದೂರ ಇಟ್ಟೆ. ಜಯಮ್ಮನಿಗೆ ಬಯ್ದೆ, ಸಿದ್ದರಾಜುವಿಗೂ ಬಯ್ದೆ. ಅವನು ತಲೆ ತಗ್ಗಿಸಿ, "ಇನ್ ತರಕಿಲ್ಲ ಬುಡಿ ಅಕ್ಕ," ಎಂದ. ಮಾತಿನಂತೆ ನಿಲ್ಲಿಸಿದ.

ಬಾಟಲಿ ತೆಗೆಸಿದ ಮೇಲೆ ಬೇರೇನಾದರೂ ಕೊಡಬೇಕಲ್ಲ. ನನ್ನ ಮನೆಯಲ್ಲಿ ಐದು ಲೀಟರಿನ ಸ್ಯಾನಿಟೈಸರ್ ಕ್ಯಾನುಗಳು ಮೂರು ಉಳಿದಿದ್ದವು. ಕೊರೊನಾ ಸಮಯದಲ್ಲಿ ಯಾರೋ ದಾನಿಗಳು ನಮ್ಮ ಬೀದಿಗೆ ಕೊಟ್ಟದ್ದು. ಹಂಚುವ ಕೆಲಸ ನನ್ನದಾಗಿತ್ತು. ತಾರೀಕು ಮುಗಿದಿತ್ತು, ಕೇಳುವವರಿರಲಿಲ್ಲ. ವಸ್ತುವನ್ನು ಸುಮ್ಮನೆ ಚೆಲ್ಲುವುದು ನನ್ನ ಜಾಯಮಾನದಲ್ಲಿಲ್ಲ. ನಮ್ಮ ಕಾಲದಲ್ಲಿ ಡ್ರೆಸ್ಸಿಂಗ್ ಟ್ರೇಗೆ ಒಂದಿಷ್ಟು ಸ್ಪಿರಿಟ್ ಸುರಿದು ಕಡ್ಡಿ ಗೀರಿ ಶುದ್ಧ ಮಾಡುತ್ತಿದ್ದೆವು. ನೀಲಿ ಉರಿ ಟ್ರೇಯ ಅಂಚಿನವರೆಗೆ ಓಡಿ, ಎಣಿಸಿದಂತೆ ಆರಿಹೋಗುತ್ತಿತ್ತು. ಹೊಗೆಯಿಲ್ಲ, ಮಸಿಯಿಲ್ಲ, ವಾಸನೆ ಉಳಿಯುವುದಿಲ್ಲ. ಎಷ್ಟು ಸಾವಿರ ಸಲ ಹೊತ್ತಿಸಿದ್ದೇನೋ ಲೆಕ್ಕವಿಲ್ಲ, ಒಂದು ಕೂದಲೂ ಸುಟ್ಟಿರಲಿಲ್ಲ. ಸ್ಯಾನಿಟೈಸರ್ ಅಂದರೂ ಅದೇ ತಾನೇ?

ಮುಂದಿನ ಭಾನುವಾರ ಒಂದು ಕ್ಯಾನನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಬಿಳಿ ರಟ್ಟಿನ ಮೇಲೆ ನನ್ನ ಕೈಬರಹದಲ್ಲೇ ನಿಯಮ ಬರೆದು ಗಾಡಿಗೆ ಅಂಟಿಸಿದೆ. ಒಂದು ಮುಚ್ಚಳ ಮಾತ್ರ ಸುರಿಯಬೇಕು. ಕ್ಯಾನಿನ ಬಾಯಿ ಮುಚ್ಚಿ ಮೂರು ಹೆಜ್ಜೆ ದೂರ ಇಡಬೇಕು. ಬೆಂಕಿ ಪೂರ್ತಿ ಆರಿದ ಮೇಲಷ್ಟೇ ಮತ್ತೆ ಸುರಿಯಬಹುದು.

ಮಾದಪ್ಪಣ್ಣ ಅದನ್ನು ಗಟ್ಟಿಯಾಗಿ ಓದಿ, "ನರ್ಸಮ್ಮೋರೆ, ಜೋಳ ಸುಡಕ್ಕೆ ಇಷ್ಟು ಕಾನೂನಾ? ನಾನು ಎಳ್ನೀರ್ ಕೊಚ್ಚಕ್ಕೂ ಒಂದು ಬರ್ಕೊಡಿ. ಬೆರ್ಳು ಆಚೆಗಿರ್ಬೇಕು, ಮಚ್ಚು ಈಚೆಗಿರ್ಬೇಕು ಅಂತ," ಎಂದ.

"ನಗು, ನಗು," ಎಂದೆ.

ತಿಂಗಳ ಮಟ್ಟಿಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಜಯಮ್ಮ ಬೆಳಿಗ್ಗೆ ಎಂಟಕ್ಕೆ, ಹುಣಸೆಮರದ ನೆರಳು ದಟ್ಟವಾಗಿರುವಾಗ ಹೊತ್ತಿಸುತ್ತಿದ್ದಳು. ಆ ನೆರಳಿಗೂ ಇದಕ್ಕೂ ಸಂಬಂಧವಿದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಶಿವರಾತ್ರಿ ಕಳೆದ ಮೂರನೆಯ ಭಾನುವಾರ. ಒಳ್ಳೆಯ ವ್ಯಾಪಾರ, ಬೆಳಗಿನ ಕೆಂಡ ಹನ್ನೆರಡಕ್ಕೆಲ್ಲ ಬೂದಿಯಾಗಿತ್ತು. ಎರಡು ಕಾರಿನ ತುಂಬ ಜನ ಬಂದು ಹದಿನೈದು ತೆನೆ ಹೇಳಿದರು. ಜಯಮ್ಮ ಬೂದಿ ತೆಗೆದು ಹೊಸ ಇದ್ದಿಲು ತುಂಬಿ, ಒಂದು ಮುಚ್ಚಳ ಸುರಿದು ಕಡ್ಡಿ ಗೀರಿದಳು. ನೆತ್ತಿಯ ಮೇಲೆ ಬಿಸಿಲು. ಎದುರಿಗೆ ಹೊಳೆಯ ಮರಳು ಕಣ್ಣು ಕುಕ್ಕುತ್ತಿತ್ತು. ನಾನು ಮೂರು ಹೆಜ್ಜೆ ಆಚೆ, ಸ್ಟೂಲಿನ ಮೇಲೆ ಕೂತಿದ್ದೆ.

"ಆರೋಯ್ತು ಕಣಕ್ಕ, ಹತ್ಕೊಳ್ನೇ ಇಲ್ಲ," ಎಂದಳು.

ನಾನು ಕತ್ತು ಚಾಚಿ ನೋಡಿದೆ. ಇದ್ದಿಲು ಕಪ್ಪಗೆ ಕೂತಿತ್ತು. ಉರಿಯಿಲ್ಲ, ಹೊಗೆಯಿಲ್ಲ.

"ಆರಿದೆ. ಇನ್ನೊಂದು ಮುಚ್ಚಳ ಹಾಕು," ಎಂದೆ.

ಗಿರಾಕಿಗಳ ಅವಸರಕ್ಕೆ ಅವಳು ಮುಚ್ಚಳದ ಗೋಜಿಗೆ ಹೋಗಲಿಲ್ಲ, ಕ್ಯಾನನ್ನೇ ಬಗ್ಗಿಸಿದಳು. ಬೆಂಕಿ ಆರಿರಲಿಲ್ಲ. ಸ್ಪಿರಿಟ್ಟಿನ ಉರಿ ವಾರ್ಡಿನ ಮಬ್ಬು ಬೆಳಕಿನಲ್ಲಿ ನೀಲಿಯಾಗಿ ಕಾಣುತ್ತದೆ, ಉರಿಬಿಸಿಲಿನಲ್ಲಿ ಕಾಣುವುದಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ನಾನು ಒಂದು ಸಲವೂ ಅದನ್ನು ಬಯಲಿನಲ್ಲಿ ಹೊತ್ತಿಸಿರಲಿಲ್ಲ. ಆ ಕಾಣದ ಉರಿ ಧಾರೆಯನ್ನು ಹಿಡಿದು ಮೇಲಕ್ಕೆ ಹತ್ತಿತು. ದಬ್ ಎಂದು ಒಂದು ಸದ್ದು. ನಾನು ಕಂಡದ್ದು ಬೆಂಕಿಯನ್ನಲ್ಲ, ನನ್ನ ತಂಗಿ ಬಲಗೈಯನ್ನು ಮುಂದಕ್ಕೆ ಚಾಚಿ, ಅದು ಯಾರದೋ ಕೈ ಎನ್ನುವಂತೆ ನೋಡುತ್ತ ನಿಂತದ್ದನ್ನು.

ಮಾದಪ್ಪಣ್ಣ ಹೆಗಲ ಮೇಲಿನ ಟವೆಲ್ಲನ್ನು ನೀರಿಗದ್ದಿ ಅವಳ ತೋಳಿಗೆ ಸುತ್ತಿದ. ಆಮೇಲೆ ಎಲ್ಲಿಂದಲೋ ಟೂತ್‌ಪೇಸ್ಟ್ ತಂದ. "ಅದನ್ನ ಬಿಸಾಕು! ನೀರು ತಾ!" ಎಂದು ಕೂಗಿದೆ. ಅವನು ಎಳನೀರು ತಣ್ಣಗಿಡುವ ಬಕೆಟ್ಟನ್ನೇ ಎತ್ತಿಕೊಟ್ಟ. ಇಪ್ಪತ್ತು ನಿಮಿಷ ಅವಳ ಕೈಯನ್ನು ನೀರಿನಲ್ಲಿ ಹಿಡಿದಿದ್ದೆ, ಗಡಿಯಾರ ನೋಡಿಕೊಂಡು. ಅಷ್ಟರಲ್ಲಿ ಸಿದ್ದರಾಜು ಆಟೋ ತಂದ.

ಆಸ್ಪತ್ರೆಯಲ್ಲಿ ಡಾಕ್ಟರು, "ಹೇಗಾಯ್ತು?" ಎಂದರು.

ಜಯಮ್ಮ ನನ್ನ ಕಡೆ ನೋಡಲಿಲ್ಲ. "ಪೆಟ್ರೋಲ್ ಸಾ. ನಾನೇ ಸುರ್ದೆ. ನಮ್ಮಕ್ಕ ಬ್ಯಾಡಾ ಬ್ಯಾಡಾ ಅಂತಾನೇ ಇದ್ಲು," ಎಂದಳು.

ಅವರು ಹಾಗೆಯೇ ಬರೆದುಕೊಂಡರು. ರೋಗಿ ಹೇಳಿದ್ದನ್ನು ಪಕ್ಕದಲ್ಲಿದ್ದವರ ಬಾಯಿಂದಲೂ ಕೇಳಿ ತಿದ್ದಿಕೊಳ್ಳಬೇಕು ಎಂದು ನಾನು ಎಷ್ಟೋ ನರ್ಸುಗಳಿಗೆ ಪಾಠ ಮಾಡಿದ್ದೆ. ಪಕ್ಕದಲ್ಲಿ ನಾನೇ ಇದ್ದೆ. ಬಾಯಿ ತೆರೆಯಲಿಲ್ಲ.

ಆ ಬೇಸಿಗೆಯೆಲ್ಲ ಬಸ್ಸಿನಲ್ಲೇ ಕಳೆಯಿತು. ದಿನ ಬಿಟ್ಟು ದಿನ ನಂಜನಗೂಡಿನಿಂದ ಏಳೂವರೆಯ ಬಸ್ಸು, ಹನ್ನೆರಡಕ್ಕೆ ವಾಪಸ್ಸು. ಡ್ರೆಸ್ಸಿಂಗ್ ನಾನೇ ಮಾಡುತ್ತಿದ್ದೆ, ಡಾಕ್ಟರು ಒಪ್ಪಿದ್ದರು. ಚೈತ್ರದ ಬಿಸಿಲು, ಬಸ್ಸಿನ ಕಬ್ಬಿಣ ಮುಟ್ಟಿದರೆ ಸುಡುತ್ತಿತ್ತು. ಕಿಟಕಿಯಾಚೆ ಕೊಯ್ಲಾದ ಗದ್ದೆಗಳು, ಕಬ್ಬಿನ ತರಗಿಗೆ ಬೆಂಕಿಯಿಟ್ಟ ಹೊಗೆ. ಆ ಹೊಗೆ ಕಂಡಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮುಚ್ಚಿದ ಕಣ್ಣಿಗೂ ನಿದ್ದೆ ಬರುತ್ತಿರಲಿಲ್ಲ.

ಅವರ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ಸದ್ದೇ ಇರುತ್ತಿರಲಿಲ್ಲ. ನಾನು ಒಳಗೆ ಹೋಗಿ ಕೈ ತೊಳೆದು ಬ್ಯಾಂಡೇಜಿಗೆ ಕೈ ಹಾಕಿದ ಕೂಡಲೇ ಸಿದ್ದರಾಜು ಜಗಲಿಯಿಂದ ಶುರು ಮಾಡುತ್ತಿದ್ದ.

"ಬುದ್ಧಿ ಇರೋರು ಮಾಡೋ ಕೆಲ್ಸವಾ ಇದು? ಎಲ್ಲಾ ತಿಳ್ದಿವ್ನಿ ಅಂತ ಮೆರೆಯಾದು! ಓದಿದ್ದೇನು, ಬರ್ದಿದ್ದೇನು! ಒಂದು ಬೆಂಕಿ ಅದೆಯೋ ಇಲ್ವೋ ಅಂತ ನೋಡಕ್ಕಾಗ್ನಿಲ್ವಲ್ಲ! ಒಬ್ರ ಕೈ ಹಾಳಾಯ್ತಲ್ಲ!"

ಜಯಮ್ಮ ಕೈ ಚಾಚಿ ಕೂತಿರುತ್ತಿದ್ದಳು. ಮೂರನೆಯ ಕ್ಲಾಸಿಗೆ ಸ್ಕೂಲು ಬಿಟ್ಟವಳು ಅವಳು. ಇವಳಿಗೇಕೆ ಓದು ಬರಹದ ಮಾತು ಎಂದು ಕೂಡ ನಾನು ಯೋಚಿಸಲಿಲ್ಲ. ಗಾಯದ ಅಂಚನ್ನು ನೋಡುತ್ತ, ಒಣಗಿದ ಬಟ್ಟೆಯನ್ನು ಉಪ್ಪುನೀರಿನಿಂದ ಬಿಡಿಸುತ್ತ, ಅವಳ ಪಾಲಿನ ಬೈಗುಳಕ್ಕೆ ಒಳಗೇ ಕುಗ್ಗುತ್ತಿದ್ದೆ.

ಒಂದು ದಿನ ತಡೆಯಲಾಗದೆ, "ಜಯಾ, ನಾನು ಹೇಳಿಬಿಡ್ತೀನಿ ಅವನಿಗೆ," ಎಂದು ಪಿಸುಗುಟ್ಟಿದೆ.

"ಸುಮ್ಕಿರಕ್ಕ," ಎಂದಳು. "ಏಳ್ಬುಟ್ರೆ ನಿಂಗೆ ಈ ಮನೆಗೆ ಬರಕ್ಕೆ ಮುಖ ಇದ್ದದ? ನೀ ಬರ್ನಿಲ್ಲ ಅಂದ್ರೆ ನನ್ ಕೈ ನೋಡೋರ್ಯಾರು?"

ಅದು ನನ್ನ ಮೇಲಿನ ಮರುಕವೋ ತನ್ನ ಕೈಯ ಮೇಲಿನ ಆಸೆಯೋ ತಿಳಿಯಲಿಲ್ಲ. ಎರಡಕ್ಕೂ ನಾನು ಕಟ್ಟುಬಿದ್ದಿದ್ದೆ.

ಚರ್ಮ ಕೂಡಿತು, ಬೆರಳು ಕೂಡಲಿಲ್ಲ. ಸುಟ್ಟ ಚರ್ಮ ವಾಸಿಯಾಗುತ್ತ ಎಳೆದುಕೊಳ್ಳುತ್ತದೆ. ದಿನಾ ಬಗ್ಗಿಸಿ ಚಾಚದಿದ್ದರೆ ಬೆರಳು ಕೊಕ್ಕೆಯಾಗಿ ನಿಂತುಬಿಡುತ್ತದೆ. ಮೆತ್ತನೆಯ ಚೆಂಡು ಕೊಟ್ಟು ಹಿಸುಕು ಎಂದೆ. ನಾಲ್ಕು ಸಲ ಹಿಸುಕಿ ಮೂಲೆಗೆ ಎಸೆದಳು. "ನಾನೇನು ಕೂಸಾ, ಚೆಂಡಾಡ್ಕಂಡು ಕೂರಕ್ಕೆ?" ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಜೋಳ ತಿರುಗಿಸುವ ಇಕ್ಕಳ ಹಿಡಿಯುವ ಕೈ ಅದು. ಆ ಕೈ ಹೋದರೆ ಗಾಡಿ ಹೋದಂತೆ. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದರಿಂದಲೇ ಹೆದರಿ ಮಲಗಿದ್ದಳು.

ಹಾಗಾಗಿ ಚೆಂಡು ಬಿಟ್ಟು ನಿಜವಾದ ಕೆಲಸ ಕೊಡೋಣ ಎನಿಸಿತು. ಹೇಗೂ ಇದ್ದಿಲು ಹೊತ್ತಿಸಲು ಸುರಿಯುವಂಥದ್ದು ಏನೂ ಬೇಡ, ಕೈಯಲ್ಲಿ ಹಿಡಿದು ಇಡುವಂಥದ್ದು ಬೇಕು ಎಂದು ಮನೆಯಲ್ಲಿ ರಾತ್ರಿ ಹಗಲು ತಲೆ ಕೆಡಿಸಿಕೊಂಡಿದ್ದೆ. ಹಿತ್ತಲಲ್ಲಿ ಬಾಣಲಿಯಿಟ್ಟು, ವಾರ್ಡಿನ ಚಾರ್ಟಿನ ಹಾಗೆ ನಿಮಿಷ ಬರೆದುಕೊಂಡು ಒಂದೊಂದೇ ಪರೀಕ್ಷೆ ಮಾಡಿದೆ. ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಬರೀ ಹೊಗೆ. ಹೊಂಗೆ ಎಣ್ಣೆ ಚೆನ್ನಾಗಿ ಉರಿಯಿತು, ಆದರೆ ಅದರ ಕಹಿ ವಾಸನೆ ಬೀದಿಗೆಲ್ಲ ಹರಡಿತು. ಮೊಟ್ಟೆ ಟ್ರೇಯ ಗುಂಡಿಗಳಿಗೆ ಮರದ ಹೊಟ್ಟು ತುಂಬಿ ಕರಗಿಸಿದ ಮೇಣ ಹೊಯ್ದೆ. ಅದು ಪರವಾಗಿಲ್ಲ, ಒಂಬತ್ತು ನಿಮಿಷ ನಿಂತಿತು. ಮೊಟ್ಟೆಯ ಹೆಸರೆತ್ತಿದರೆ ಹೊಳೆಯಲ್ಲಿ ಮಿಂದು ಬಂದವರು ಜೋಳ ಮುಟ್ಟಲಿಕ್ಕಿಲ್ಲ ಎಂದು ಕೈಬಿಟ್ಟೆ. ಕರ್ಪೂರವನ್ನು ಮಾದಪ್ಪಣ್ಣನ ಮುಂದೆಯೇ ಹೊತ್ತಿಸಿ ನೋಡಿದೆ. ಅವನು ತಕ್ಷಣ ಮಚ್ಚು ಕೆಳಗಿಟ್ಟು, ಎರಡೂ ಕೈ ಉರಿಗೆ ಹಿಡಿದು ಕಣ್ಣಿಗೊತ್ತಿಕೊಂಡ.

"ಏನೋ ಇದು?" ಎಂದೆ.

"ಮಂಗ್ಳಾರತಿ ಅಲ್ವಾ ತಾಯಿ? ಇದ್ರಲ್ಲಿ ಜೋಳ ಸುಟ್ರೆ ಗಿರಾಕಿ ಕಾಸು ಕೊಡಕಿಲ್ಲ, ಪ್ರಸಾದ ಅಂತ ಇಸ್ಕಂಡು ಓಯ್ತರೆ!"

ಬೆಂಕಿ ಬಿದ್ದ ಮೇಲೆ ಜಯಮ್ಮನಿಗೆ ಹೇಳಿ ನಗಿಸಲು ನನಗೆ ಸಿಕ್ಕ ಮೊದಲ ಮಾತು ಅದು. ಅವಳು ನಕ್ಕಳು, ಸ್ವಲ್ಪ.

ಕೊನೆಗೆ ಸರಿಹೋದದ್ದು ಅವರಿಬ್ಬರ ಕಸವೇ. ಕಾಳು ತಿಂದು ಎಸೆದ ಜೋಳದ ದಿಂಡನ್ನು ವಾರ ಒಣಗಿಸಿ, ಮೂರು ತುಂಡು ಮಾಡಿ, ಕರಗಿದ ಮೇಣದಲ್ಲಿ ಅದ್ದಬೇಕು. ಮೇಣ ಆರುವ ಮೊದಲೇ ಮಾದಪ್ಪಣ್ಣನ ಕಾಯಿಯ ನಾರನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಬೇಕು, ಒಂದು ಎಳೆ ಬತ್ತಿಯ ಹಾಗೆ ಹೊರಗೆ ಬಿಡಬೇಕು. ಎರಡೂ ತುದಿ ಕತ್ತರಿಸಿದ ಎಣ್ಣೆ ಡಬ್ಬದ ಬುಡದ ಸುತ್ತ ಗಾಳಿಗೆ ತೂತು ಹೊಡೆಸಿ ಬಾಣಲಿಯಲ್ಲಿ ನಿಲ್ಲಿಸಿ, ಕೆಳಗೆ ಎರಡು ದಿಂಡು, ಮೇಲೆ ಇದ್ದಿಲು. ಹದಿನೆಂಟು ನಿಮಿಷಕ್ಕೆ ಮೇಲಿನ ಇದ್ದಿಲು ಬೂದಿಬಣ್ಣಕ್ಕೆ ತಿರುಗುತ್ತದೆ. ಡಬ್ಬ ಎತ್ತಿ ಹರಡಿದರೆ ಆಯಿತು. ಬೀಸಣಿಗೆಯೂ ಬೇಡ, ಊದುಕೊಳವೆಯೂ ಬೇಡ.

ನಾರು ಸುತ್ತಿ ಗಂಟು ಹಾಕಲು ಐದೂ ಬೆರಳು ಬೇಕು. ಅದಕ್ಕೇ ನಾನು ಅದನ್ನು ಆರಿಸಿದ್ದು. ದಿನಕ್ಕೆ ನಲವತ್ತು ಎಂದು ಗೊತ್ತುಮಾಡಿದೆ. ಮೊದಲ ವಾರ ಅವಳು ಒಂದನ್ನೂ ಪೂರ್ತಿ ಮಾಡಲಿಲ್ಲ. ನಾರು ಜಾರುತ್ತಿತ್ತು, ಎಳೆದ ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು. "ನೀನು ಜೈಲರ್ ಆಗ್ಬೇಕಾಗಿತ್ತು ಕಣಕ್ಕ, ನರ್ಸ್ ಆಗಿದ್ದು ತಪ್ಪು," ಎಂದು ಅಳುತ್ತ ಬಯ್ದಳು. ನಾನು ರಕ್ತ ಒರೆಸಿ, "ಇನ್ನು ಮೂವತ್ತೊಂಬತ್ತು," ಎಂದೆ. ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ಬೆರಳುಗಳನ್ನು ನಾನೇ ಮಡಚಿ ಚಾಚಿ ನೋಡಿಕೊಳ್ಳುತ್ತಿದ್ದೆ. ಅವುಗಳಿಗೆ ಏನೂ ಆಗಿರಲಿಲ್ಲ.

ವೈಶಾಖ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ನಾನು ಕೈ ತೊಳೆದು ಬರುವಷ್ಟರಲ್ಲಿ ಚಾಪೆಯ ಮೇಲೆ ಒಂದು ದಿಂಡು ಸುತ್ತಿ ಮುಗಿದಿತ್ತು. ಗಂಟು ಸಡಿಲ, ನಾರು ಓರೆ. ಕಿರುಬೆರಳು ಮತ್ತು ಅದರ ಪಕ್ಕದ್ದು ಇನ್ನೂ ಬಾಗಿಯೇ ಇದ್ದವು, ಈಗಲೂ ಬಾಗಿವೆ. ಉಳಿದ ಮೂರು ಬಂದಿದ್ದವು. ನಾನು ಗಂಟನ್ನು ಎಳೆದು ನೋಡಿದೆ.

"ಬಿಚ್ಬುಟ್ಟೀಯ ಮತ್ತೆ!" ಎಂದಳು.

"ಇಲ್ಲ," ಎಂದೆ. "ಸರಿಯಾಗಿದೆ." ನನ್ನ ವೃತ್ತಿಯಲ್ಲಿ ಓರೆಯಾದ ಕಟ್ಟನ್ನು ಸರಿ ಎಂದು ಒಪ್ಪಿದ್ದು ಅದೊಂದೇ.

ಮುಂಗಾರಿನ ಎರಡು ಮಳೆ ಬಿದ್ದ ಮೇಲೆ ಗಾಡಿ ಮತ್ತೆ ಹೊಳೆ ರಸ್ತೆಗೆ ಬಂತು. ಜಯಮ್ಮ ಅದನ್ನು ತೊಳೆದು ಅರಿಶಿನ ಕುಂಕುಮ ಇಟ್ಟು, ಮಾದಪ್ಪಣ್ಣನಿಗೆ ಸಿಹಿ ಕೊಡಲು ಹೋದಳು. ನನ್ನ ಬಿಳಿ ರಟ್ಟು ಇದ್ದ ಜಾಗದಲ್ಲಿ ಅಂಟಿನ ಕಲೆ ಮಾತ್ರ ಉಳಿದಿತ್ತು. ಸಿದ್ದರಾಜು ಚಕ್ರಕ್ಕೆ ಕಲ್ಲು ಕೊಡುತ್ತ ಕುಕ್ಕರಗಾಲಿನಲ್ಲಿ ಕೂತಿದ್ದ. ಕೈ ಬಂತು, ಗಾಡಿ ಬಂತು, ಇನ್ನು ನಾನು ಈ ಮನೆಗೆ ಬರದಿದ್ದರೂ ನಡೆಯುತ್ತದೆ ಎಂದುಕೊಂಡು ಅವನ ಹತ್ತಿರ ಹೋಗಿ ನಿಂತೆ.

"ಸಿದ್ದರಾಜು, ಅವತ್ತು ಪೆಟ್ರೋಲ್ ಅಲ್ಲ. ನಾನು ಕೊಟ್ಟ ಕ್ಯಾನು. ಆರಿದೆ, ಸುರಿ ಅಂದವಳೂ ನಾನೇ."

ಅವನು ತಲೆ ಎತ್ತಲಿಲ್ಲ. ಕಲ್ಲನ್ನು ಇನ್ನೊಂದಿಷ್ಟು ಒಳಕ್ಕೆ ಒತ್ತಿದ.

"ಗೊತ್ತು ಕಣಕ್ಕ," ಎಂದ.

"ಜಯ ಹೇಳಿದಳಾ?"

"ಅವ್ಳೆಲ್ಲಿ ಬಾಯ್ ಬುಟ್ಟಾಳು. ಪೆಟ್ರೋಲ್ ತರ್ತಿದ್ದೋನು ನಾನು, ನಿಲ್ಸಿ ತಿಂಗ್ಳಾಗಿತ್ತು. ಅವತ್ತು ಆಟೋಲಿ ಕೂರಿಸ್ಕಂಡಾಗ ಅವಳ ಸೀರೆ ತುಂಬಾ ಆಸ್ಪತ್ರೆ ವಾಸ್ನೆ. ಮಿಕ್ಕಿದ್ದು ಮಾದಪ್ಪಣ್ಣನ್ನ ಕೇಳಿ ತಿಳ್ಕಂಡೆ."



"ಮತ್ತೆ ಮೂರು ತಿಂಗಳು ಅವಳನ್ನ ಯಾಕೆ ಹಾಗೆ ಬಯ್ದೆ?"

ಈಗ ಅವನು ಎದ್ದು ನಿಂತು, ಪಂಚೆಗೆ ಕೈ ಒರೆಸಿಕೊಂಡ. "ಎಂಡ್ತಿ ಅಕ್ಕನ್ನ ಬಯ್ಯಕ್ಕಾದದಾ? ನಮ್ಮವ್ವ ನಂಗಂಗೆ ಕಲ್ಸಿಲ್ಲ. ಅವ್ಳನ್ನ ಬೈತಿದ್ದೆ. ನಿಮಗೆ ಕೇಳ್ಲಿ ಅಂತ."

"ಅವಳಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನೀವು ಬಸ್ ಅತ್ತುದ್ ಮೇಲೆ ನಾನೇ ಅವಳಿಗೆ ಕಲ್ಸಿ ತುತ್ತು ಕೊಡ್ತಿದ್ದೆ. 'ಇವತ್ತು ಒಸಿ ಜಾಸ್ತಿ ಆಯ್ತು ಕಣ್ರೀ, ಪಾಪ' ಅನ್ನೋಳು."

ಮಗಳಿಗೆ ಹೇಳಿ ಸೊಸೆಗೆ ಮುಟ್ಟಿಸುವುದನ್ನು ನಮ್ಮ ಕಡೆ ಮಕ್ಕಳೂ ಬಲ್ಲರು. ನಾನೊಬ್ಬಳು ಬ್ಯಾಂಡೇಜಿನ ಮೇಲೆ ಕಣ್ಣಿಟ್ಟು ಕೂತಿದ್ದೆ. ಮೂರು ತಿಂಗಳು ದಿನ ಬಿಟ್ಟು ದಿನ ನನ್ನ ಪಾಲಿನ ಬೈಗುಳ ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು. ಸ್ಟೂಲಿನ ಮೇಲೆ ಕೂತೆ. ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಮೈಯೆಲ್ಲ ಸೋತಂತಾಯಿತು, ಅಷ್ಟೆ. ಸಿದ್ದರಾಜು ಒಂದು ಎಳನೀರು ಕೊಚ್ಚಿಸಿ ತಂದು ನನ್ನ ಕೈಗಿಟ್ಟು, ಬಾಡಿಗೆ ಇದೆ ಎಂದು ಆಟೋ ಹತ್ತಿ ಹೋದ. ಅವತ್ತಿನಿಂದ ಆ ಮನೆಯ ಜಗಲಿಯಲ್ಲಿ ಯಾರೂ ಯಾರನ್ನೂ ಬೈದಿಲ್ಲ. ಕೆಲವು ಸಲ ಬೈದರೆ ಚೆನ್ನಾಗಿತ್ತು ಎನಿಸುತ್ತದೆ.

ಜ್ವರ ಇಳಿದ ಮೇಲೆ ಈ ಭಾನುವಾರವೂ ಹೋಗಿದ್ದೆ. ಈಗ ಎಂಟೂವರೆಯ ಬಸ್ಸು, ಏಳೂವರೆಯದು ನನ್ನಿಂದಾಗುವುದಿಲ್ಲ. ಮೂರು ಹೆಜ್ಜೆ ಆಚೆ ಸ್ಟೂಲು ಹಾಕಿಕೊಂಡು, ಮಡಿಲಲ್ಲಿ ನಾರಿಟ್ಟುಕೊಂಡು ದಿಂಡು ಸುತ್ತುತ್ತ ಕೂತೆ. ಮಧ್ಯಾಹ್ನ ಎರಡನೆಯ ಸಲ ಜಯಮ್ಮ ಡಬ್ಬ ನಿಲ್ಲಿಸಿ, ಬುಡಕ್ಕೆ ಎರಡು ದಿಂಡಿಟ್ಟು, ಇದ್ದಿಲು ತುಂಬಿ ಕಡ್ಡಿ ಗೀರಿದಳು. ಬಿಸಿಲು ಚುರುಗುಟ್ಟುತ್ತಿತ್ತು. ಉರಿ ಕಾಣುತ್ತಿರಲಿಲ್ಲ. ಅವಳು ಬಗ್ಗಿ ನೋಡುವುದಿಲ್ಲ, ಕಣ್ಣನ್ನು ನಂಬುವುದನ್ನು ಅವಳು ಬಿಟ್ಟಿದ್ದಾಳೆ. ಜೋಳದ ಒಂದು ಒಣಸಿಪ್ಪೆಯನ್ನು ಬಲಗೈಯ ಮೂರು ಬೆರಳಲ್ಲಿ ಹಿಡಿದು ಡಬ್ಬದ ಮೇಲೆ ಚಾಚಿ ಕಾಯುತ್ತಾಳೆ. ಸಿಪ್ಪೆಯ ತುದಿ ಮೊದಲು ಕಂದಿತು, ಸುರುಳಿ ಸುತ್ತಿತು, ಆಮೇಲೆ ಹೊತ್ತಿಕೊಂಡಿತು.

"ಮಾದಪ್ಪಣ್ಣ," ಎಂದು ಕೂಗಿದಳು, "ಬೆಂಕಿ ಅದೆ ಕಣಣ್ಣ. ಬಿಸ್ಲಿಗೆ ಯಾರ್ಗೂ ಕಾಣಕಿಲ್ಲ, ಅಷ್ಟೆ."

ಮಾದಪ್ಪಣ್ಣ ಆ ಕಡೆ ತಿರುಗಿ ಯಾರಿಗೋ ಎಳನೀರು ಕೊಚ್ಚುತ್ತಿದ್ದ. ಅವನಿಗೆ ಆ ಮಾತಿನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಈ ಸಲ ಅದು ನನ್ನ ಕಿವಿಗೇ ಬಿತ್ತು. ನಾನು ಕೈಯಲ್ಲಿದ್ದ ಗಂಟನ್ನು ಬಿಗಿದು, ಇನ್ನೊಂದು ದಿಂಡು ಎತ್ತಿಕೊಂಡೆ.